ಪ್ಯಾಸೇಜ್ ಓದಲೇಬೇಡಿ ಅನ್ನುವವರಿಗೆ

ಮಧ್ಯಾಹ್ನದಿಂದ ಸಿಟ್ಟು ಇಳಿದಿಲ್ಲ. ಕಾಸರಗೋಡಿನ ಪೆರ್ಲ ಕಡೆಯ ಹುಡುಗಿಯೊಬ್ಬಳು ಸಿಯುಇಟಿ (ಕೇಂದ್ರ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ) ಇಂಗ್ಲಿಷಿನ ಮಾಕ್ ಟೆಸ್ಟ್ ಹಿಡಿದುಕೊಂಡು ಬಂದಿದ್ದಳು. ಮಾರ್ಕು ಹೋದದ್ದೆಲ್ಲ ಪ್ಯಾಸೇಜಿನಲ್ಲೇ, ಅಂದರೆ ಕೊಟ್ಟ ಬರಹ ಓದಿ ಉತ್ತರಿಸುವ ಪ್ರಶ್ನೆಗಳಲ್ಲೇ. "ಸರಿಯಾಗಿ ಓದಿದ್ಯಾ?" ಅಂತ ಕೇಳಿದೆ. "ಇಲ್ಲ ಟೀಚರ್, ಓದಿದ್ರೆ ಟೈಮ್ ವೇಸ್ಟಂತೆ. ಪ್ರಶ್ನೆ ನೋಡಿ ಪದ ಹುಡುಕಿದ್ರೆ ಸಾಕಂತೆ. ಕೋಚಿಂಗಲ್ಲಿ ಹೇಳಿದ್ದು."

ಯಾರು ಮಾರಾಯ್ರೆ ಮಕ್ಕಳ ತಲೆಗೆ ಇದನ್ನು ತುಂಬಿಸುವುದು?

ಪ್ಯಾಸೇಜಿನಲ್ಲಿ ಒಂದು ಸಾಲಿತ್ತು. ರೈತರು ಹಳೆಯ ಪದ್ಧತಿ ಬಿಟ್ಟದ್ದು ಅದು ಸೋತಿತು ಅಂತಲ್ಲ, ಕೆಲಸಕ್ಕೆ ಜನ ಸಿಗದೆ. ಯಾಕೆ ಬಿಟ್ಟರು ಅನ್ನುವುದೇ ಪ್ರಶ್ನೆ. 'ಸೋತಿತು' ಅನ್ನುವ ಪದ ಕಣ್ಣಿಗೆ ಬಿತ್ತು, ಅದನ್ನೇ ಒತ್ತಿದ್ದಾಳೆ. ಪ್ರಶ್ನೆ ಮಾಡುವವರು ಪದ ಹುಡುಕುವವರಿಗೆಂದೇ ಇಂಥ ಆಯ್ಕೆ ಇಟ್ಟಿರುತ್ತಾರೆ. ಸರಿಯಾದರೆ 5 ಮಾರ್ಕು, ತಪ್ಪಿದರೆ ಇದ್ದದ್ದರಲ್ಲಿ 1 ಕಡಿತ.

ಟೈಮಿನ ಲೆಕ್ಕವನ್ನೇ ಹಾಕೋಣ. 60 ನಿಮಿಷ, 50 ಪ್ರಶ್ನೆ. ಒಂದಕ್ಕೆ 72 ಸೆಕೆಂಡ್. ಐದು ಪ್ರಶ್ನೆಯ ಪ್ಯಾಸೇಜಿಗೆ 6 ನಿಮಿಷ ಉಂಟು. 300 ಪದ ನಿಧಾನಕ್ಕೆ ಓದಿದರೂ ಎರಡು, ಎರಡೂವರೆ ನಿಮಿಷ. ಸಮಾನಾರ್ಥಕ ಪದದಂಥ ಪ್ರಶ್ನೆಗಳು ಅರ್ಧ ನಿಮಿಷದಲ್ಲಿ ಮುಗಿಯುತ್ತವೆ, ಅಲ್ಲಿ ಉಳಿದದ್ದೂ ಇಲ್ಲಿಗೇ ಬರುತ್ತದೆ. ಓದದವರು ಪ್ರತಿ ಪ್ರಶ್ನೆಗೂ ಮೇಲಿಂದ ಕೆಳಗೆ ಹುಡುಕುತ್ತಾರೆ. ಟೈಮ್ ಹೋಗುವುದೇ ಅಲ್ಲಿ.

ವಿದೇಶಕ್ಕೆ ಹೋಗಲು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಕಟ್ಟಿದವರು, ಪದ ಹುಡುಕಿದರೆ ಸಾಕು ಅಂತ ಈಗ ಕಮೆಂಟಿಗೆ ಬರ್ತೀರಿ, ಗೊತ್ತು. ಅಲ್ಲಿ 60 ನಿಮಿಷದಲ್ಲಿ ಮೂರು ಉದ್ದದ ಪ್ಯಾಸೇಜು, 40 ಪ್ರಶ್ನೆ. ಇಸವಿಯೋ ಹೆಸರೋ ಬೇಕಾದಾಗ ಕಣ್ಣೋಡಿಸಿ ಹುಡುಕುವುದು ಸರಿಯೇ. ಆದರೆ ಯಾವ ಪ್ಯಾರಾದಲ್ಲಿ ಏನಿದೆ ಅಂತ ಒಮ್ಮೆಯಾದರೂ ನೋಡದೆ ಎಲ್ಲಿ ಹುಡುಕುತ್ತೀರಿ? ಬರೆದವರ ಅಭಿಪ್ರಾಯ ಏನು ಅಂತ ಕೇಳಿದರೆ ಯಾವ ಪದ ಹುಡುಕುತ್ತೀರಿ?

ನಮ್ಮ ಗಡಿನಾಡಿನ ಮಕ್ಕಳ ವಿಷಯ ಬಂದರೆ ನನಗೆ ಹೊಟ್ಟೆ ಉರಿಯುತ್ತದೆ. ಮನೆಯಲ್ಲಿ ತುಳು, ಬಸ್ಸಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಕೇರಳದ ಎಸ್ಸೆಸ್ಸೆಲ್ಸಿಯಲ್ಲೂ ಪ್ಲಸ್ ಟೂನಲ್ಲೂ ಪ್ರಶ್ನೆ ಓದಲಿಕ್ಕೆಂದೇ 15 ನಿಮಿಷ ಕೂಲ್ ಆಫ್ ಟೈಮ್ ಸಿಕ್ಕಿ ಅಭ್ಯಾಸ. ಸಿಯುಇಟಿಯಲ್ಲಿ ಅದಿಲ್ಲ. ಪೆರಿಯದ ಕೇಂದ್ರ ವಿಶ್ವವಿದ್ಯಾಲಯ ಮನೆಯ ಹತ್ತಿರವೇ ಇದ್ದರೂ, ಸೀಟು ಬೇಕಾದರೆ ದೇಶದ ಮಕ್ಕಳೆಲ್ಲರ ಜೊತೆ ಕೂತು ಬರೆಯಬೇಕು. ಇವರಿಗೆ ಬೇಕಾದ್ದು ಓದುವ ಅಭ್ಯಾಸ. ಅದನ್ನು ಕೊಡದೆ, ಫೀಸು ತೆಗೆದುಕೊಂಡು ಓದಬೇಡಿ ಅಂತ ಹೇಳಿ ಕಳಿಸುವುದು ಅನ್ಯಾಯ ಅಲ್ವಾ?

ನಾನು ಅವಳಿಗೆ ಹೇಳಿದ್ದು ಇಷ್ಟೇ. ಪ್ರಶ್ನೆಗಳ ಮೇಲೆ ಒಮ್ಮೆ ಕಣ್ಣಾಡಿಸು, ಆಯ್ಕೆಗಳನ್ನು ಈಗಲೇ ನೋಡ್ಬೇಡ. ಆಮೇಲೆ ಪ್ಯಾಸೇಜ್ ಪೂರ್ತಿ ಓದು. 'ಆದರೆ', 'ಆದರೂ' ಬಂದಲ್ಲಿ ನಿಧಾನ ಮಾಡು. ಗೊತ್ತಿಲ್ಲದ ಪದಕ್ಕೆ ನಿಲ್ಲಬೇಡ. ಉತ್ತರ ಎರಡರಲ್ಲಿ ಒಂದು ಅಂತ ಆದಾಗ 'ಎಲ್ಲರೂ', 'ಯಾವಾಗಲೂ' ಇರುವುದನ್ನು ಮೊದಲು ಅನುಮಾನದಿಂದ ನೋಡು. ಒಂದೂವರೆ ನಿಮಿಷ ದಾಟಿದರೆ ಮಾರ್ಕ್ ಫಾರ್ ರಿವ್ಯೂ (ಆಮೇಲೆ ನೋಡಲು ಗುರುತು ಹಾಕುವ ಬಟನ್) ಒತ್ತಿ ಮುಂದೆ ಹೋಗು.

ಮನೆಯಲ್ಲಿ ಪ್ಲಸ್ ಟೂ ಮಕ್ಕಳಿದ್ದವರು ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಓದಿಸಿ. ಓದಿದ್ದನ್ನು ಮನೆಮಾತಿನಲ್ಲೇ ಎರಡು ಸಾಲು ಹೇಳಿಸಿ. ಟೈಮರ್ ಎರಡನೇ ವಾರದಿಂದ ಸಾಕು.