ನೀರಿನ ಜೊತೆ ನೆರಳೂ ಬೇಕು

ಬೇಸಿಗೆಯಲ್ಲಿ ಎರೆಹುಳು ಬಿಟ್ಟ ಮಡಿಗೆ ದಿನಕ್ಕೆರಡು ಸಲ ನೀರು ಹಾಕಿದರೆ ಸಾಕು ಅಂತ ಒಂದು ಲೇಖನದಲ್ಲಿ ಓದಿದೆ. ನಮ್ಮ ರಾಯಚೂರು ಕಡೆ ಅಷ್ಟು ಸಾಲುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಗೊಬ್ಬರಕ್ಕೆಂದು ಮಡಿಗೆ ಬಿಡುವ ಈ ಎರೆಹುಳುಗಳಿಗೆ 35 ಡಿಗ್ರಿ ದಾಟಿದರೇ ಕಷ್ಟ. ಅವು ಹೊಲದ ಎರೆಹುಳುವಿನ ಹಾಗೆ ಆಳಕ್ಕೆ ಇಳಿಯುವುದಿಲ್ಲ, ಮೇಲಿನ ಪದರದಲ್ಲೇ ಬದುಕುತ್ತವೆ.

ಹೋದ ಬೇಸಿಗೆಯಲ್ಲಿ ನಾನು ಬದನೆ ಮಡಿಗೆ ಹಸಿ ಸಗಣಿ ಹಾಕಿಬಿಟ್ಟೆ. ಮೂರನೇ ದಿನ ಕೈ ಹಾಕಿದರೆ ಒಳಗೆ ಬಿಸಿ ಹಬೆ. ಹುಳುಗಳೆಲ್ಲ ಅಂಚಿನ ಇಟ್ಟಿಗೆಗೆ ಒತ್ತಿಕೊಂಡು ದಾರದ ಉಂಡೆಯ ಹಾಗೆ ಸುತ್ತಿಕೊಂಡಿದ್ದವು. ಅರ್ಧಕ್ಕರ್ಧ ಸತ್ತೇ ಹೋದವು. ತುಂಬಾ ಸಂಕಟವಾಯಿತು. ಹಸಿ ಸಗಣಿ ಕೊಳೆಯುವಾಗ ತಾನೇ ಬಿಸಿಯಾಗುತ್ತದೆ, ಅಲ್ವಾ? ಈಗ ಎರಡು ಮೂರು ವಾರ ಆರಿಸಿದ ಸಗಣಿಯನ್ನಷ್ಟೇ ಹಾಕುತ್ತೇನೆ.

ಮಡಿಯ ಮೇಲೆ ಒಂದು ಗೇಣು ಒಣಹುಲ್ಲು, ಅದರ ಮೇಲೆ ಒದ್ದೆ ಗೋಣಿಚೀಲ. ಪಶ್ಚಿಮಕ್ಕೆ ತೆಂಗಿನ ಗರಿಯ ತಡಿಕೆ, ಯಾಕೆಂದರೆ ಸಂಜೆ ಬಿಸಿಲೇ ಜಾಸ್ತಿ ಸುಡುತ್ತದೆ. ನೀರು ಬೆಳಿಗ್ಗೆ ಬೇಗ, ಇಲ್ಲವೇ ಹೊತ್ತು ಮುಳುಗಿದ ಮೇಲೆ. ಮಧ್ಯಾಹ್ನ ಪೈಪಿನಲ್ಲಿ ಮೊದಲು ಬರುವ ನೀರು ಕೈ ಸುಡುವಷ್ಟು ಬಿಸಿ ಇರುತ್ತದೆ, ಅದನ್ನು ದಯವಿಟ್ಟು ಮಡಿಗೆ ಹಾಯಿಸಬೇಡಿ. ಹಾಗಂತ ಸುಮ್ನೆ ಸುರಿಯುತ್ತಲೂ ಇರಬೇಡಿ. ಹುಳು ಚರ್ಮದಿಂದಲೇ ಉಸಿರಾಡುತ್ತದೆ, ಕೆಸರಾದರೆ ಗಾಳಿ ಸಿಗುವುದಿಲ್ಲ. ಗೊಬ್ಬರವನ್ನು ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಅಷ್ಟೇ.