ಸ್ಪಷ್ಟನೆ: ‘ಲಾ ಅಂಡ್ ಆರ್ಡರ್’ 6ನೇ ಕಂತಿನ ಆ ಬೇರೆ ಡಿ.ಎ.

ಅಮೆರಿಕದ ‘ಲಾ ಅಂಡ್ ಆರ್ಡರ್’ ಧಾರಾವಾಹಿಯ ಮೊದಲ ಸೀಸನ್ನಿನ 6ನೇ ಕಂತಿನಲ್ಲಿ ಡಿಸ್ಟ್ರಿಕ್ಟ್ ಅಟಾರ್ನಿ (ಡಿ.ಎ., ಅಂದರೆ ಮುಖ್ಯ ಸರ್ಕಾರಿ ವಕೀಲ) ಪಾತ್ರದಲ್ಲಿ ಬೇರೆಯವರು. ಉಳಿದ ಕಂತುಗಳಲ್ಲಿ ಡಿ.ಎ. ಆಗಿರುವ ನಟ ಸ್ಟೀವನ್ ಹಿಲ್ ಮಧ್ಯೆ ಬಿಟ್ಟುಹೋಗಿ ವಾಪಸ್ ಬಂದರು ಅಂತ ನಾನೇ ಬರೆದಿದ್ದೆ. ಅದು ತಪ್ಪು. ಕಂತುಗಳನ್ನು ಸಾಲಾಗಿ ನೋಡಿ ಸುಮ್ನೆ ಊಹಿಸಿಬಿಟ್ಟೆ.

ಆ ಕಂತು, ‘ಎವ್ರಿಬಡೀಸ್ ಫೇವರಿಟ್ ಬ್ಯಾಗ್‌ಮನ್’, ಅಸಲಿಗೆ ಪೈಲಟ್, ಅಂದರೆ ಚಾನೆಲ್‌ಗೆ ತೋರಿಸಲು ಮೊದಲೇ ಮಾಡುವ ಮಾದರಿ ಕಂತು. 1988ರಲ್ಲೇ ಸಿಬಿಎಸ್ ಚಾನೆಲ್‌ಗಾಗಿ ಚಿತ್ರೀಕರಿಸಿದ್ದು. ಅವರು ಬೇಡ ಅಂದರು. ಮುಂದೆ ಇನ್ನೊಂದು ಚಾನೆಲ್ ಎನ್‌ಬಿಸಿ ಕೈಗೆತ್ತಿಕೊಂಡಾಗ, ಪೈಲಟ್‌ನಲ್ಲಿ ಡಿ.ಎ. ವೆಂಟ್‌ವರ್ತ್ ಆಗಿದ್ದ ರಾಯ್ ಥಿನ್ನೆಸ್ ಸಿಗಲಿಲ್ಲ. ಆ ಕುರ್ಚಿಗೆ ಆಡಮ್ ಶಿಫ್ ಆಗಿ ಹಿಲ್ ಬಂದರು. ಲೋಗನ್, ಗ್ರೀವಿ, ಸ್ಟೋನ್ ಮುಂತಾದ ಪಾತ್ರಗಳಲ್ಲಿ ಅದೇ ಮುಖಗಳು, ಅದಕ್ಕೇ ಗೊಂದಲ.

ಧಾರಾವಾಹಿ ಶುರುವಾಗಿದ್ದು 1990ರ ಸೆಪ್ಟೆಂಬರ್ 13ಕ್ಕೆ, ಹಳೇ ಪೈಲಟ್ 6ನೇ ಕಂತಾಗಿ ಬಂದಿದ್ದು ಅಕ್ಟೋಬರ್ 30ಕ್ಕೆ. ನನ್ನ ಹಳೇ ಮೆಸೇಜನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಕಳಿಸಿಬಿಟ್ಟಿದ್ದರೆ ಅಲ್ಲಿಗೇ ಇದನ್ನೂ ಹಾಕಿ.