ಎಳೆದ್ರೆ ಕಾರ್ಡ್ ಬರುತ್ತೆ, ಕೆಲಸ ಬರಲ್ಲ

ಒಂದೊಂದು ಕೆಲಸಕ್ಕೆ ಒಂದೊಂದು ಹಳದಿ ಚೀಟಿ ಗೋಡೆಗೆ ಅಂಟಿಸ್ಕೊಂಡು ಸಾಫ್ಟ್‌ವೇರ್ ಪ್ರಾಜೆಕ್ಟ್ ನಡೆಸ್ತಿದ್ದಾಗ ನಮ್ ಟೀಮಿನ ದೊಡ್ಡ ಶತ್ರು ಅಂದ್ರೆ ಫ್ಯಾನು. ಯಾರೋ ಸ್ವಿಚ್ ಹಾಕಿದ್ರು ಅಂದ್ರೆ ಎರಡು ಬಗ್ಗು, ಒಂದು ಸ್ಟೋರಿ (ಬಳಸೋರಿಗೆ ಬೇಕಾದ ಒಂದು ಸಣ್ಣ ಸೌಲಭ್ಯ) ಮೇಜಿನ ಕೆಳಗೆ. ಹಾಗಾಗಿ ಅದೇ ಗೋಡೆನ ಕಂಪ್ಯೂಟರಲ್ಲಿ ತೋರ್ಸೋ ಡೆಸ್ಕ್‌ಟಾಪ್ ಬೋರ್ಡ್ ಬಂದಾಗ ಎಲ್ರಿಗೂ ಖುಷಿನೇ ಖುಷಿ, ಸರ್ವರಲ್ಲಿರೋ ವರ್ಕ್ ಐಟಮ್‌ಗಳೆಲ್ಲ ಬಣ್ಣಬಣ್ಣದ ಕಾರ್ಡ್ ಆಗಿ ಸ್ಕ್ರೀನ್ ತುಂಬ, ಎಪಿಕ್ ಅನ್ನೋ ದೊಡ್ಡ ಕೆಲಸದ ಕೆಳಗೆ ಫೀಚರ್ರು, ಅದರ ಕೆಳಗೆ ಸ್ಟೋರಿ, ಅದರ ಕೆಳಗೆ ಟಾಸ್ಕು, ಥೇಟ್ ವಂಶವೃಕ್ಷ. ಮೌಸಲ್ಲಿ ಹಿಡಿದು 'ಡನ್' ಕಾಲಮ್ಮಿಗೆ ಎಳೆದ್ರೆ ಮುಗೀತು!

ಒಂದಿನ ಲೀಡ್ ಸ್ಕ್ರೀನ್ ಶೇರ್ ಮಾಡ್ಕೊಂಡು ಮಾತಾಡ್ತಾ ಇದ್ರು, ಮಧ್ಯೆ ಸೀನು ಬಂತು. ಸೀನಿದ ರಭಸಕ್ಕೆ ಕೈಲಿದ್ದ ಕಾರ್ಡ್ ಸೀದಾ 'ಡನ್'ಗೆ ಬಿತ್ತು. ಅದೇ ಕೊನೇ ಟಾಸ್ಕು, ಟಾಸ್ಕೆಲ್ಲ ಮುಗಿದ್ರೆ ಸ್ಟೋರಿನೂ ತಾನಾಗೇ ಮುಚ್ಚಬೇಕು ಅಂತ ಯಾರೋ ಪುಣ್ಯಾತ್ಮರು ರೂಲ್ ಬೇರೆ ಹಾಕಿಟ್ಟಿದ್ರು. ಕ್ಲೈಂಟಿಗೆ ಮೇಲ್ ಹೋಯ್ತು, ಕ್ಲೈಂಟಿಂದ ಅಭಿನಂದನೆ ಬಂತು. "ಸರ್, ನಾನಿನ್ನೂ ಕೋಡೇ ಬರ್ದಿಲ್ಲ" ಅಂತ ಆ ಟಾಸ್ಕ್ ಮಾಡ್ಬೇಕಿದ್ದ ಹುಡುಗ ಅಂದಿದ್ದು ಯಾರಿಗೂ ಕೇಳಿಸ್ಲಿಲ್ಲ, ಅವನು ಮ್ಯೂಟಲ್ಲಿದ್ದ.

ಇನ್ನು ಸೇವ್ ಮಾಡೋ ಕಥೆ. ನಮ್ಮ ಟೂಲು ಮೊದಲು ನಮ್ ಕಂಪ್ಯೂಟರಲ್ಲೇ ಬದಲಾವಣೆ ಇಟ್ಕೊಂಡು, ಸೇವ್ ಒತ್ತಿದಾಗ ಸರ್ವರಿಗೆ ಕಳಿಸುತ್ತೆ. ಪ್ರತಿ ಐಟಮ್ಮಿಗೂ ಒಂದು ರಿವಿಷನ್ ನಂಬರ್ ಇರುತ್ತೆ, ಅಷ್ಟರಲ್ಲಿ ಬೇರೆಯವರು ಸೇವ್ ಮಾಡಿದ್ರೆ ನಂಬರ್ ಮುಂದಕ್ಕೆ ಹೋಗಿರುತ್ತೆ, ನಮ್ಮದನ್ನ ಸರ್ವರ್ ಮೂಸೂ ನೋಡಲ್ಲ. 'ಇದನ್ನು ಬೇರೊಬ್ಬರು ಬದಲಿಸಿದ್ದಾರೆ' ಅಂತ ಬರುತ್ತೆ, ಆ ಬೇರೊಬ್ಬರು ಪಕ್ಕದ ಕುರ್ಚಿಯಲ್ಲೇ ಕೂತಿರ್ತಾರೆ. ಒಬ್ರು 'ಟೆಸ್ಟಿಂಗ್'ಗೆ ಎಳೀತಾರೆ, ಇನ್ನೊಬ್ರು 'ಬ್ಲಾಕ್ಡ್'ಗೆ ಎಳೀತಾರೆ, ತಿರುಗಿ ಒಂದ್ ಮಾತು ಕೇಳೋಣ ಅಂತ ಇಬ್ರಿಗೂ ಅನ್ಸಲ್ಲ, ಇಬ್ರೂ ರಿಫ್ರೆಶ್ ಒತ್ತುತಾ ಕೂತಿರ್ತಾರೆ. 2001ರಲ್ಲಿ ಅಮೆರಿಕದ ಯೂಟಾದ ಸ್ನೋಬರ್ಡ್‌ನಲ್ಲಿ 17 ಜನ ಸೇರಿ, ಸಾಫ್ಟ್‌ವೇರ್ ಹೇಗೆ ಮಾಡ್ಬೇಕು ಅನ್ನೋ ಅಜೈಲ್ ಮ್ಯಾನಿಫೆಸ್ಟೋ ಬರೆದಾಗ ಮೊದಲ ಮೌಲ್ಯದಲ್ಲೇ ಟೂಲಿಗಿಂತ ಮನುಷ್ಯರು, ಅವರ ಮಾತುಕತೆ ಮುಖ್ಯ ಅಂದಿದ್ರು, ಪಾಪ.

ಹೀಗೆ ಕಾಲಮ್ಮಿಂದ ಕಾಲಮ್ಮಿಗೆ ಕಾರ್ಡ್ ಸರಿಸೋ ಕಾನ್‌ಬಾನ್ ಬಂದಿದ್ದು ಟೊಯೋಟಾ ಕಾರ್ಖಾನೆಯಿಂದ, ತೈಚಿ ಓನೊ ಬೆಳೆಸಿದ ಪದ್ಧತಿ, ಬೇಕಾದಾಗ ಬೇಕಾದಷ್ಟೇ ಮಾಡಿ, ಕೆಲಸ ರಾಶಿ ಹಾಕ್ಬೇಡಿ ಅನ್ನೋದು ಅದರ ಸಾರ. ಅದಕ್ಕೇ ಬೋರ್ಡಲ್ಲಿ ಕಾಲಮ್ಮಿಗೊಂದು ಲಿಮಿಟ್. ನಮ್ದು ಮೂರು. ನಾಲ್ಕನೇ ಕಾರ್ಡ್ ಬಿದ್ದ ತಕ್ಷಣ ಕಾಲಮ್ ಕೆಂಪಾಯ್ತು, ಮ್ಯಾನೇಜರ್ ಮುಖನೂ ಕೆಂಪಾಯ್ತು. ನಾವೇನ್ ಮಾಡಿದ್ವಿ? ಪಕ್ಕದಲ್ಲಿ 'ಆಲ್ಮೋಸ್ಟ್ ಡನ್' ಅಂತ ಇನ್ನೊಂದು ಕಾಲಮ್ ಮಾಡಿದ್ವಿ, ಅದಕ್ಕೆ ಲಿಮಿಟ್ಟೇ ಇಡ್ಲಿಲ್ಲ. ಕೆಂಪು ಹೋಯ್ತು, ಮ್ಯಾನೇಜರಿಗೆ ಖುಷಿ, ಈಗ ಆ ಕಾಲಮ್ ನೋಡ್ಬೇಕು ಅಂದ್ರೆ ಸ್ಕ್ರಾಲ್ ಮಾಡಿ ಬೆರಳು ನೋವು ಬರುತ್ತೆ.

ಕೊನೆಗೆ 'ಬೋರ್ಡ್ ಕ್ಲೀನ್ ಮಾಡೋದು' ಅಂತ ಅದಕ್ಕೂ ಒಂದು ಸ್ಟೋರಿ ಹುಟ್ಟಿತು. ಎಷ್ಟು ಪಾಯಿಂಟು, ಅಂದ್ರೆ ಕೆಲಸ ಎಷ್ಟು ದೊಡ್ಡದು? ಅರ್ಧ ಜನ ಐದು ಅಂದ್ರು, ಅರ್ಧ ಜನ ಎಂಟು ಅಂದ್ರು, ಟೂಲಲ್ಲಿ ಫಿಬೊನಾಚಿ ನಂಬರ್ (1, 2, 3, 5, 8, 13 ಹೀಗೆ) ಬಿಟ್ರೆ ಬೇರೆ ಇಲ್ಲ. ಹೊಸದಾಗಿ ಸೇರಿದ್ದ ಹುಡುಗಿ ಮೆಲ್ಲಗೆ "ಆರು ಅಂತ ಹಾಕ್ಬಹುದಲ್ವಾ?" ಅಂದ್ಲು. ಅವಳಿಗೇ ಅಸೈನ್ ಮಾಡಿದ್ರು.